ನನ್ನ ತಂದೆಯವರ ಗುರ್ಕಾರಿಕೆ

ಕೆನರಾ ಸೀಮೆಯ ಕಥೋಲಿಕ ಕ್ರೈಸ್ತರಲ್ಲಿ ಗುರ್ಕಾರನೆಂದರೆ, ಗುರುದೀಕ್ಷೆಯನ್ನಾಗಲಿ ಸಂಬಳವನ್ನಾಗಲಿ ಪಡೆಯದೆ, ಒಂದು ವಾಡೆಯ, ಎಂದರೆ ಕೇರಿಯ, ಮನೆಗಳ ಸುಖದುಃಖಗಳಿಗೆಲ್ಲ ಇಗರ್ಜಿಯ (ಚರ್ಚಿನ) ಪರವಾಗಿ ಹೊಣೆಯಾಗಿ ನಿಲ್ಲುವ ಗೃಹಸ್ಥನು. ಮರಣಶಯ್ಯೆಯಲ್ಲಿರುವವನ ಬಳಿಗೆ ಪಾದ್ರಿಗಳನ್ನು ಕರೆತರುವವನೂ, ಶವಪೆಟ್ಟಿಗೆಗೆ ಹೆಗಲು ಕೊಡುವವರನ್ನು ಕೂಡಿಸುವವನೂ, ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸಿನ ಶಾಸ್ತ್ರಕ್ಕೆ ಹಿರಿಯನಾಗಿ ನಿಂತು ಪ್ರಾರ್ಥನೆ ಹೇಳುವವನೂ, ಅಣ್ಣತಮ್ಮಂದಿರು ಬೇಲಿಗಾಗಿ ಜಗಳವಾಡಿದಾಗ ಇಬ್ಬರನ್ನೂ ಕೂರಿಸಿ ಮಾತನಾಡಿಸುವವನೂ ಅವನೇ. 1784ರಿಂದ 1799ರವರೆಗೆ ನಮ್ಮ ಪೂರ್ವಜರು ಟಿಪ್ಪುವಿನ ಆಜ್ಞೆಯಿಂದ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, ಗುರುಗಳೆಲ್ಲ ಗಡೀಪಾರಾಗಿದ್ದ ದಿನಗಳಲ್ಲಿ, ಪ್ರಾರ್ಥನೆಯ ಮಾತುಗಳು ನಾಲಗೆಯಿಂದ ಅಳಿದುಹೋಗದಂತೆ ಉಳಿಸಿಕೊಂಡವರು ಇಂಥ ಗೃಹಸ್ಥರೇ ಎಂಬುದನ್ನು ನಮ್ಮ ಮನೆಗಳಲ್ಲಿ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದರು. ನನ್ನ ತಂದೆಯವರು ಮರವಂತೆಯ ನಮ್ಮ ವಾಡೆಗೆ ಬಹುಕಾಲ ಗುರ್ಕಾರರಾಗಿದ್ದರು. ಅವರ ಆ ಸೇವೆಯ ವಿಷಯವಾಗಿ ಬರೆಯಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇದ್ದಿತು.

ಮರವಂತೆಯಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯವು. ಕೊಲ್ಲೂರಿನ ಕಾಡುಗಳಿಂದ ಇಳಿದು ಬಂದ ಸೌಪರ್ಣಿಕೆಯು ಸಮುದ್ರವನ್ನು ಇನ್ನೇನು ಮುಟ್ಟಿತೆನ್ನುವಷ್ಟು ಸಮೀಪಕ್ಕೆ ಬಂದು, ನಡುವೆ ಹೆದ್ದಾರಿಯಷ್ಟು ನೆಲವನ್ನು ಮಾತ್ರ ಉಳಿಸಿ, ಮತ್ತೆ ತಿರುಗಿ ಗಂಗೊಳ್ಳಿಯ ಅಳಿವೆಯ ಕಡೆಗೆ ಹೋಗುವ ಆ ಸ್ಥಳದಲ್ಲಿ, ವರಾಹಸ್ವಾಮಿಯ ದೇವಾಲಯಕ್ಕೆ ನಡೆದುಕೊಳ್ಳುವ ಮೊಗವೀರರ, ಖಾರ್ವಿಗಳ, ಬಂಟರ, ಬಿಲ್ಲವರ ಮನೆಗಳ ನಡುವೆ ನಾವು ಹರಡಿಕೊಂಡಿದ್ದೆವು. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕುಂದಗನ್ನಡ, ಇಗರ್ಜಿಯಲ್ಲಿ ಆ ಕಾಲಕ್ಕೆ ಲ್ಯಾಟಿನ್; ಆದರೆ ಗುರ್ಕಾರರ ಲೆಕ್ಕದ ಪುಸ್ತಕ ಮಾತ್ರ ಅಚ್ಚ ಕನ್ನಡದಲ್ಲಿ ಇರುತ್ತಿದ್ದಿತು. ತಂದೆಯವರು ಹಂಚಿನ ಕಾರ್ಖಾನೆಯೊಂದರಲ್ಲಿ ರೈಟರಾಗಿದ್ದುದರಿಂದ ಅವರ ಅಕ್ಷರ ಮುದ್ದಾಗಿದ್ದಿತು. ನಮ್ಮಂಥ ಸಣ್ಣ ಸಮಾಜದ ಮುಖಂಡನಾದವನು ತನ್ನವರ ಕಣ್ಣಿಗೆ ಮಾತ್ರವಲ್ಲದೆ ಊರಿನ ಎಲ್ಲರ ಕಣ್ಣಿಗೂ ಬೀಳುತ್ತಾನೆಂಬುದನ್ನು, ಅವನು ಎಡವಿದರೆ ಎಡವಿದ್ದು ಅವನೊಬ್ಬನಲ್ಲವೆಂದು ಜನ ಎಣಿಸುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು.

ತಿಂಗಳ ವಂತಿಗೆಯನ್ನು ಮನೆಮನೆಯಿಂದ ಎತ್ತಿ ತಂದು ಇಗರ್ಜಿಗೆ ಸಲ್ಲಿಸುವುದು ಗುರ್ಕಾರರ ಕೆಲಸಗಳಲ್ಲೊಂದು. ಆ ಹಣವನ್ನು ಅವರು ಎಣಿಸುತ್ತಿದ್ದ ಕ್ರಮ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೊರಚಾವಡಿಯಲ್ಲಿ ಚಾಪೆ ಹಾಸಿ, ಬಾಗಿಲುಗಳೆರಡನ್ನೂ ತೆರೆದಿಟ್ಟು, ನೆರೆಮನೆಯ ಹಿರಿಯರೊಬ್ಬರನ್ನು ಕರೆಸಿ ಎದುರಿಗೆ ಕೂರಿಸಿಕೊಂಡ ಮೇಲೆಯೇ ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಆ ಹಿರಿಯರಿಗೆ ಓದುಬರೆಹ ಬಾರದು. ಆದರೂ ಎಣಿಕೆ ಮುಗಿದ ಮೇಲೆ ಪುಟದ ಕೆಳಗೆ ಅವರ ಹೆಬ್ಬೆಟ್ಟಿನ ಗುರುತು ಬೀಳದೆ ಲೆಕ್ಕ ಮುಗಿಯುತ್ತಿರಲಿಲ್ಲ. ಮಳೆಗಾಲದಲ್ಲಿ ದೋಣಿಗಳು ನೀರಿಗಿಳಿಯದೆ, ಮೀನಿನ ವ್ಯಾಪಾರದಿಂದ ಬದುಕುವ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿರುವಾಗ, ವಂತಿಗೆಗೆ ಬದಲಾಗಿ ಮುಷ್ಟಿ ಅಕ್ಕಿ ಕೊಟ್ಟವರ ಹೆಸರಿನ ಮುಂದೆ ಸೇರು ಪಾವುಗಳಲ್ಲಿ ಅದನ್ನೂ ಬರೆಯುತ್ತಿದ್ದರು.

ಒಂದು ಬೆಳಗ್ಗೆ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಅಂಗಳದಲ್ಲಿ ನಿಂತು ಚಿಲ್ಲರೆಗಾಗಿ ಕಾಯುತ್ತಿದ್ದಳು. ತಾಯಿಯ ಕೈಯಲ್ಲಿ ಒಂದು ರೂಪಾಯಿಯ ನೋಟಿದ್ದಿತು. ಡಬ್ಬಿಯಲ್ಲಿ ಚಿಲ್ಲರೆ ತುಂಬಿದ್ದಿತು. ನೋಟನ್ನು ಅದರಲ್ಲಿಟ್ಟು ಅಷ್ಟೇ ಚಿಲ್ಲರೆಯನ್ನು ತೆಗೆದುಕೊಟ್ಟರಾಗದೆ ಎಂದು ತಾಯಿ ಕೇಳಿದಾಗ, ತಂದೆಯವರು ಉತ್ತರ ಕೊಡದೆ, ನೋಟನ್ನು ತಾವೇ ತೆಗೆದುಕೊಂಡು, ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯ ಬದಿಯ ಅಂಗಡಿಯವರೆಗೆ ನಡೆದುಹೋಗಿ ಚಿಲ್ಲರೆ ಮಾಡಿಸಿಕೊಂಡು ಬಂದರು. “ಎಂತ ಗುರ್ಕಾರ್ರೆ, ಮನೇಲ್ ಇಪ್ಪುದ್ ಬಿಟ್ಟ್ ಅಂಗಡಿಗ್ ಹ್ವಾದ್ರ್ಯಾ?” ಎಂದು ಆ ಹೆಂಗಸು ಬೆರಗಾಗಿ ಕೇಳಿದಳು. ರಾತ್ರಿ ತೆರ್ಸು, ಎಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಅವರು ತಾಯಿಗೆ ಹೇಳಿದ್ದು ನನಗೆ ನೆನಪಿದೆ: ಹಣಕ್ಕೆ ಹಣ ಹಾಕಿದರೆ ಕಳವಾಗಲಾರದು ನಿಜ, ಆದರೆ ಮನೆಯ ಅವಶ್ಯಕತೆಗೆ ಆ ಡಬ್ಬಿಯೊಳಗೆ ಕೈ ಹೋಗುವುದೊಂದು ರೂಢಿಯಾಗುತ್ತದೆ; ನಾಳೆ ಹಾಕುವ ನೋಟು ನಾಡಿದ್ದಿಗೆ ಮುಂದುವರಿಯುತ್ತದೆ. ತಾಯಿಗೆ ಇದು ಅತಿಯೆಂದು ತೋರಿರಬೇಕು. ನನಗೂ ಅನೇಕ ವರ್ಷ ಹಾಗೆಯೇ ತೋರುತ್ತಿದ್ದಿತು. ಸಾರ್ವಜನಿಕ ಹಣವನ್ನು ನಿರ್ವಹಿಸಿದ ಬಹಳ ಮಂದಿಯನ್ನು ಕಂಡ ಮೇಲೆ, ಅವರಲ್ಲಿ ಕೆಟ್ಟವರು ಯಾರೂ ಕಳ್ಳತನದ ಸಂಕಲ್ಪದಿಂದ ಆರಂಭಿಸಿದವರಲ್ಲ, ಎಲ್ಲರೂ ಸಾಲವೆಂದುಕೊಂಡೇ ಮೊದಲ ಬಾರಿ ಕೈ ಹಾಕಿದವರು ಎಂಬುದನ್ನು ತಿಳಿದ ಮೇಲೆ, ಹಾಗೆ ತೋರುವುದಿಲ್ಲ.

1957ನೆಯ ಇಸವಿಯ ಏಪ್ರಿಲ್ 1ರಂದು ನಯೇ ಪೈಸೆಗಳು ಚಲಾವಣೆಗೆ ಬಂದಾಗ ನಮ್ಮ ಚಾವಡಿಯಲ್ಲಿ ನಡೆದುದನ್ನು ನಾನು ಮರೆಯಲಾರೆ. ಹಳೆಯ ಒಂದಾಣೆಗೆ ಸರಿಯಾಗಿ ಆರೂಕಾಲು ನಯೇ ಪೈಸೆ. ಕಾಲು ಪೈಸೆಯೆಂಬ ನಾಣ್ಯವಿಲ್ಲದುದರಿಂದ ಸರಕಾರದ ಕೋಷ್ಟಕದಲ್ಲಿ ಆಣೆಗೆ ಆರೇ ಪೈಸೆ, ನಾಲ್ಕಾಣೆಗೆ ಮಾತ್ರ ಪೂರ್ಣ ಇಪ್ಪತ್ತೈದು. ಹೀಗಾಗಿ ನಾಲ್ಕು ಮನೆಯವರು ಒಂದೊಂದಾಣೆ ಕೊಟ್ಟರೆ ಅವರವರ ಹೆಸರಿನಲ್ಲಿ ಜಮೆಯಾಗುವುದು ಇಪ್ಪತ್ತನಾಲ್ಕು, ಡಬ್ಬಿಯಲ್ಲಿ ಉಳಿಯುವುದು ಇಪ್ಪತ್ತೈದು. ಆ ಒಂದು ಪೈಸೆ ಯಾರದೂ ಅಲ್ಲ. ಅದನ್ನು ಕೇಳುವವರೂ ಇರಲಿಲ್ಲ. ತಂದೆಯವರು ಪುಟದ ಕೊನೆಯಲ್ಲಿ ಹೊಸದೊಂದು ಸಾಲನ್ನು ತೆರೆದು, “ನಾಣ್ಯ ಬದಲಾವಣೆಯಿಂದ ಹೆಚ್ಚಾದುದು” ಎಂದು ಬರೆದು, ಆ ಪೈಸೆಗಳನ್ನು ಪ್ರತಿ ತಿಂಗಳೂ ಕೂಡಿಸುತ್ತ ಹೋದರು. ಆಣೆಗಳು ಕೈಯಿಂದ ಕೈಗೆ ಕಡಿಮೆಯಾಗಿ ಕೊನೆಗೆ ನಿಂತುಹೋಗುವವರೆಗೂ ಆ ಸಾಲು ಇದ್ದಿತು. ಆ ಪುಸ್ತಕ ಈಗ ನನ್ನ ಬಳಿಯಲ್ಲಿದೆ. ಅಂಚುಗಳನ್ನು ಗೆದ್ದಲು ತಿಂದಿದ್ದರೂ ಆ ಸಾಲುಗಳನ್ನು ಓದಬಹುದು.

ಸಂತ ಪೌಲನು ಜೆರುಸಲೇಮಿನ ಬಡವರಿಗಾಗಿ ಗ್ರೀಕ್ ಸಭೆಗಳಿಂದ ಹಣ ಸಂಗ್ರಹಿಸಿದಾಗ, ಅದನ್ನು ತಾನೊಬ್ಬನೇ ಕೊಂಡೊಯ್ಯದೆ, ತೀತನನ್ನೂ ಸಭೆಗಳೇ ಆರಿಸಿದ ಮತ್ತೊಬ್ಬ ಸಹೋದರನನ್ನೂ ಜತೆಗೆ ಸೇರಿಸಿದನೆಂಬುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಅಪೊಸ್ತಲನಾದವನಿಗೆ ಇದು ಏಕೆ ಬೇಕಾಗಿತ್ತು? ದೇವರ ಮುಂದೆ ತಾನು ನಿರ್ದೋಷಿಯೆಂಬುದು ಅವನಿಗೆ ತಿಳಿದಿದ್ದಿತು. ಆದರೆ ಮನುಷ್ಯರ ಮುಂದೆಯೂ ಆ ಹಣದ ಬಗ್ಗೆ ಯಾರೂ ಬೆರಳು ತೋರಿಸುವಂತಾಗಬಾರದೆಂಬ ಎಚ್ಚರ ಅವನಿಗಿದ್ದಿತು. ಪ್ರವಾದಿಯಾದ ಸಮುವೇಲನೂ ವೃದ್ಧಾಪ್ಯದಲ್ಲಿ ಜನರೆದುರಿಗೆ ನಿಂತು, ತಾನು ಯಾರ ಎತ್ತನ್ನಾಗಲಿ ಕತ್ತೆಯನ್ನಾಗಲಿ ತೆಗೆದುಕೊಂಡಿದ್ದರೆ, ಯಾರ ಕೈಯಿಂದ ಲಂಚ ಪಡೆದಿದ್ದರೆ, ಮುಂದೆ ಬಂದು ಹೇಳಿರೆಂದು ಕೇಳಿದನು. ಅಂತಃಕರಣದ ಸಾಕ್ಷಿಯೊಂದೇ ಸಾಕೆಂದು ಹೇಳುವ ಮುಖಂಡರನ್ನು ಕಂಡಾಗ ನನಗೆ ಈ ಇಬ್ಬರ ನೆನಪಾಗುತ್ತದೆ. ತಂದೆಯವರಿಗೆ ಶಾಸ್ತ್ರಜ್ಞಾನ ಹೆಚ್ಚಾಗಿ ಇರಲಿಲ್ಲ. ಹೆಬ್ಬೆಟ್ಟಿನ ಗುರುತಿನ ಪದ್ಧತಿಯನ್ನು ಅವರು ಎಲ್ಲಿಂದ ಕಲಿತರೆಂಬುದೂ ನನಗೆ ತಿಳಿಯದು.

ಅವರಿಗೆ ಆದರ್ಶವಾಗಿದ್ದವರು ಸಂತ ಜೋಸೆಫ್ ವಾಜರು. ಆಗ ಅವರನ್ನು ಸಂತರೆಂದು ಸಾರಿರಲಿಲ್ಲ. 1995ರ ಜನವರಿಯಲ್ಲಿ ಧನ್ಯರೆಂದೂ, 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಣೆಯಾದದ್ದನ್ನು ಕಾಣಲು ತಂದೆಯವರು ಉಳಿಯಲಿಲ್ಲ. ಆದರೂ ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ ಹೋದಾಗಲೆಲ್ಲ, ಇಲ್ಲಿಯೇ ಅವರು ಪ್ರಾರ್ಥನೆಯಲ್ಲಿ ಮೈಮರೆತು ನೆಲದಿಂದ ಮೇಲಕ್ಕೆ ಎತ್ತಲ್ಪಟ್ಟರೆಂದು ಹಿರಿಯರು ಹೇಳಿಕೊಂಡು ಬಂದ ಕಥೆಯನ್ನು ನನಗೆ ಹೇಳುತ್ತಿದ್ದರು. ಬಾಲ್ಯದಲ್ಲಿ ಆ ಪವಾಡ ನನ್ನನ್ನು ಸೆಳೆಯಿತು; ಬೆಳೆದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಚರಿತ್ರೆಯ ಬೇರೆ ಭಾಗಗಳು.

ಗೋವೆಯ ಬೆನೌಲಿಯಲ್ಲಿ 1651ರಲ್ಲಿ ಹುಟ್ಟಿದ ಅವರು, ಗುರುದೀಕ್ಷೆ ಪಡೆದ ಮರುವರ್ಷ, 1677ರಲ್ಲಿ, ತಮ್ಮನ್ನು ಮಾತೆ ಮರಿಯಳ ದಾಸನೆಂದು ಬರೆದುಕೊಟ್ಟ ಪತ್ರವೊಂದಿದೆ. 1681ರಲ್ಲಿ ಕೆನರಾ ಪ್ರಾಂತದ ಮುಖ್ಯ ವಿಗಾರರಾಗಿ ಗೋವೆಯಿಂದ ಇಲ್ಲಿಗೆ ಬಂದಾಗ ಈ ಕರಾವಳಿ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದಿತು. ಇಲ್ಲಿಯ ಕ್ರೈಸ್ತ ಸಮಾಜವೋ ಎರಡು ಹೋಳಾಗಿದ್ದಿತು: ಪೋರ್ತುಗಲ್ಲಿನ ಅರಸರ ಹಕ್ಕನ್ನು ಆಶ್ರಯಿಸಿದ ಗೋವೆಯ ಅಧಿಕಾರಿಗಳು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕವಾಗಿ ಬಂದ ಬಿಷಪ್ ತೋಮಸ್ ಡಿ ಕಾಸ್ತ್ರೊ ಮತ್ತೊಂದು ಕಡೆ, ಯಾರ ಮಾತನ್ನು ಕೇಳಬೇಕೆಂದು ತಿಳಿಯದೆ ಬಡ ಜನ ನಡುವೆ. ಗೋವೆಯವರು ಕಳುಹಿಸಿದ ಮೂವತ್ತು ವರ್ಷದ ತರುಣ ಗುರುವಿಗೆ ತನ್ನ ಪಕ್ಷವನ್ನು ಗೆಲ್ಲಿಸಿ ಹೆಸರು ಗಳಿಸುವ ಅವಕಾಶ ಅಂಗೈಯಲ್ಲಿದ್ದಿತು. ಅವರು ಬಿಷಪ್ಪರನ್ನು ವಿನಯದಿಂದ ಕಂಡು ಮಾತನಾಡಿ ಕಲಹವನ್ನು ತಗ್ಗಿಸಿದರು. ಕುಂದಾಪುರ, ಬಸರೂರು, ಗಂಗೊಳ್ಳಿಗಳ ಬಡವರ ಮನೆಗಳಿಗೆ ನಡೆದುಹೋದರು. 1684ರಲ್ಲಿ ಅಧಿಕಾರವನ್ನು ಬಿಟ್ಟು ಹಿಂತಿರುಗಿದರು. ಮುಂದೆ 1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಕೂಲಿಯವನ ವೇಷದಲ್ಲಿ ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಮನೆ ಕಂಡರು. 1697ರಲ್ಲಿ ಸಿಡುಬಿನ ಮಾರಿ ಬಂದು, ಜನ ತಮ್ಮ ಬಂಧುಗಳನ್ನೇ ತೊರೆದು ಓಡಿದಾಗ, ರೋಗಿಗಳನ್ನು ಮತಭೇದವಿಲ್ಲದೆ ಕೈಯಾರೆ ಉಪಚರಿಸಿದರು. ಸಿಂಹಳಕ್ಕೆ ಅವರನ್ನೇ ಬಿಷಪ್ಪರನ್ನಾಗಿ ಮಾಡುವ ವಿಚಾರ ಬಂದಾಗ ಅದನ್ನು ನಿರಾಕರಿಸಿ, 1711ರಲ್ಲಿ ಸಾಮಾನ್ಯ ಗುರುವಾಗಿಯೇ ತೀರಿಕೊಂಡರು.

ಈ ಚರಿತ್ರೆಯಲ್ಲಿ ಎರಡು ಸಲ ಅಧಿಕಾರ ತಾನಾಗಿ ಕೈಗೆ ಬಂದಿದೆ, ಎರಡು ಸಲವೂ ಅದು ಬಿಡಲ್ಪಟ್ಟಿದೆ. ನೈತಿಕ ಶುದ್ಧಿಯೆಂದರೆ ಹಣ ಮತ್ತು ಸ್ತ್ರೀ ವಿಷಯಗಳೆರಡೇ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅಧಿಕಾರದ ಆಸೆಯನ್ನು ಸೇವೆಯ ಉತ್ಸಾಹವೆಂದು ಕರೆದು ಕ್ಷಮಿಸಿಬಿಡುತ್ತಾರೆ. ನಾನು ಕಂಡಂತೆ ಸಭೆಗಳನ್ನು ಒಡೆದದ್ದು, ಕುಟುಂಬಗಳನ್ನು ಇಗರ್ಜಿಯಿಂದ ದೂರ ಮಾಡಿದ್ದು, ಹೆಚ್ಚಾಗಿ ಈ ಮೂರನೆಯದೇ.

ಬೇಲಿಯ ವ್ಯಾಜ್ಯವೊಂದು ತಂದೆಯವರ ಮುಂದೆ ಬಂದದ್ದು ಸೋಣ ತಿಂಗಳಲ್ಲಿ. ಅಣ್ಣತಮ್ಮಂದಿರಿಬ್ಬರ ತೆಂಗಿನ ತೋಟಗಳ ನಡುವಿನ ಅಗಳು ಮಳೆಗೆ ಕುಸಿದು, ಎರಡು ಮರಗಳು ಯಾರ ಪಾಲಿಗೆಂಬ ಮಾತು ಕತ್ತಿ ಹಿಡಿಯುವವರೆಗೆ ಹೋಗಿದ್ದಿತು. ಭಾನುವಾರ ಪೂಜೆ ಮುಗಿದ ಮೇಲೆ ಸ್ಥಳ ನೋಡಿ ತೀರ್ಮಾನ ಹೇಳುವುದೆಂದು ಗೊತ್ತಾಗಿದ್ದಿತು. ಶನಿವಾರ ಸಂಜೆ ಅಣ್ಣನ ಮನೆಯಿಂದ, ಅಡಕೆಯ ಹಾಳೆಯಲ್ಲಿ ಸುತ್ತಿ ಬಾಳೆಯ ನಾರಿನಿಂದ ಕಟ್ಟಿದ, ನನ್ನ ತೋಳಿಗಿಂತ ಉದ್ದವಾದ ಅಂಜಲ್ ಮೀನೊಂದು ಬಂದಿತು. ಮನೆಯಲ್ಲಿ ಮೀನು ಕಾಣದೆ ವಾರವಾಗಿದ್ದಿತು. ತಂದೆಯವರು ಕಾರ್ಖಾನೆಯಿಂದ ಬಂದು, ಕಾಲು ತೊಳೆಯುವ ಮೊದಲೇ ಅದನ್ನು ಕಂಡು, ಕಟ್ಟನ್ನು ಬಿಚ್ಚದೆ ನನ್ನ ಕೈಗೆ ಕೊಟ್ಟು, “ಹೇಗೆ ಬಂದಿತೋ ಹಾಗೆಯೇ ಕೊಟ್ಟು ಬಾ, ಸೋಮವಾರದ ನಂತರ ಕೊಟ್ಟರೆ ಸಂತೋಷದಿಂದ ತಿನ್ನುತ್ತೇವೆಂದು ಹೇಳು” ಎಂದರು. ಕಡಲು ಆ ದಿನ ಉಕ್ಕುತ್ತಿದ್ದಿತು. ರಸ್ತೆಯ ಮೇಲೆ ಉಪ್ಪುನೀರಿನ ಹನಿಗಳು ಸಿಡಿಯುತ್ತಿದ್ದವು. ಹಾಳೆಯಿಂದ ರಕ್ತ ಬೆರೆತ ನೀರು ನನ್ನ ಅಂಗಿಯ ಮೇಲೆ ಇಳಿಯುತ್ತಿದ್ದಿತು. ಆ ಮನೆಯವರು ಮೀನನ್ನು ತೆಗೆದುಕೊಂಡರು, ನನ್ನೊಡನೆ ಮಾತನಾಡಲಿಲ್ಲ. ಒಳಗಿನಿಂದ, “ನಾವ್ ಎಂತ ಲಂಚ ಕೊಟ್ಟದ್ದಾ?” ಎಂಬ ಮಾತು ಮಾತ್ರ ಕೇಳಿಸಿತು.

ಮರುದಿನ ತಂದೆಯವರು ಮಣ್ಣನ್ನು ಅಗೆಸಿದರು. ಹಳೆಯ ಶಿಲೆಕಲ್ಲಿನ ಗಡಿಗುರುತು ಮೊಳದಾಳದಲ್ಲಿ ಸಿಕ್ಕಿತು. ಎರಡು ಮರಗಳೂ ಅಣ್ಣನವೇ ಆಗಿದ್ದವು, ಮೀನು ಕಳುಹಿಸಿದವನವೇ. ತಮ್ಮನು ಒಂದು ಮಾತನ್ನೂ ಆಡದೆ ತೀರ್ಮಾನವನ್ನು ಒಪ್ಪಿಕೊಂಡನು, ಏಕೆಂದರೆ ಹಿಂದಿನ ಸಂಜೆ ನಾನು ಹಾಳೆಯ ಕಟ್ಟನ್ನು ಹೊತ್ತು ಹಿಂದಕ್ಕೆ ಹೋದದ್ದನ್ನು ವಾಡೆಯೆಲ್ಲ ಕಂಡಿದ್ದಿತು. ಮೀನು ನಮ್ಮ ಮನೆಯಲ್ಲಿ ಬೆಂದಿದ್ದರೆ ಅದೇ ತೀರ್ಮಾನ, ಅದೇ ಕಲ್ಲು, ಅದೇ ನ್ಯಾಯ, ತಮ್ಮನ ಕಣ್ಣಿಗೆ ಅನ್ಯಾಯವಾಗಿ ಕಾಣುತ್ತಿದ್ದಿತು. ಮುಖಂಡನ ಪ್ರಾಮಾಣಿಕತೆ ಅವನ ಸ್ವಂತ ಆತ್ಮದ ರಕ್ಷಣೆಗೆ ಮಾತ್ರ ಸೇರಿದ ಸೊತ್ತಲ್ಲ, ಅವನ ತೀರ್ಮಾನವನ್ನು ನಂಬಿ ಮನೆಗೆ ಹೋಗಬೇಕಾದ ಸೋತವನಿಗೂ ಅದು ಸೇರಿದೆಯೆಂಬುದನ್ನು ನಾನು ಕಲಿತದ್ದು ಆ ಅಗಳಿನ ಬದಿಯಲ್ಲಿ. ಅಣ್ಣನು ಮಾತ್ರ ಬಹಳ ಕಾಲ ತಂದೆಯವರೊಡನೆ ಮಾತು ಬಿಟ್ಟಿದ್ದನು.

ಗಂಡಂದಿರು ಮುಂಬಯಿಗೋ ಹಡಗಿಗೋ ಹೋಗಿ, ಹೆಂಗಸರು ಒಬ್ಬೊಬ್ಬರೇ ಇರುತ್ತಿದ್ದ ಮನೆಗಳು ನಮ್ಮಲ್ಲಿ ಹಲವು. ವಿಧವೆಯರ ಮನೆಗಳೂ ಇದ್ದವು. ಸಂತ ವಿನ್ಸೆಂಟ್ ಪಾವ್ಲರ ಸಭೆಯ ಅಕ್ಕಿಯನ್ನು ಅಲ್ಲಿಗೆ ಮುಟ್ಟಿಸುವಾಗ ತಂದೆಯವರು ಎಂದೂ ಒಬ್ಬರೇ ಹೋದವರಲ್ಲ. ಇಬ್ಬಿಬ್ಬರಾಗಿ ಹೋಗುವುದು 1833ರಲ್ಲಿ ಪ್ಯಾರಿಸಿನಲ್ಲಿ ಒಜನಾಮರು ಸ್ಥಾಪಿಸಿದ ಆ ಸಭೆಯ ಹಳೆಯ ಕ್ರಮವೇ ಆಗಿದೆ. ಸಭೆಯ ಇನ್ನೊಬ್ಬರು ದೊರೆಯದಿದ್ದರೆ ತಾಯಿಯನ್ನು, ತಾಯಿಗೆ ಬಿಡುವಿಲ್ಲದಿದ್ದರೆ ಲಾಟೀನು ಹಿಡಿಸಿ ನನ್ನನ್ನು ಕರೆದೊಯ್ಯುತ್ತಿದ್ದರು. ಜಗಲಿಯಲ್ಲಿ ಕುಳಿತು, ಮಕ್ಕಳ ಓದು, ಮನೆಯ ಸೋರುವ ಹಂಚು, ಮುಂಬಯಿಯಿಂದ ಬಾರದ ಮನಿಆರ್ಡರು, ಎಲ್ಲವನ್ನೂ ಸಾವಧಾನವಾಗಿ ಕೇಳುತ್ತಿದ್ದರು. ಸಹಾಯ ಪಡೆದ ಮನೆಯ ಹೆಸರನ್ನು ಸಾರ್ವಜನಿಕ ಲೆಕ್ಕದಲ್ಲಿ ಬರೆಯದೆ ಅಂಕಿಯೊಂದನ್ನು ಮಾತ್ರ ಹಾಕುತ್ತಿದ್ದರು. ಹಣದ ವಿಷಯದಲ್ಲಿ ಎಲ್ಲವನ್ನೂ ತೆರೆದಿಡುತ್ತಿದ್ದವರು ಬಡವರ ಮಾನದ ವಿಷಯದಲ್ಲಿ ಅಷ್ಟೇ ಗುಟ್ಟಿನವರಾಗಿದ್ದರು.

ಇದೇ ಕಾಲದಲ್ಲಿ, 1948ರಲ್ಲಿ, ಕ್ಯಾಲಿಫೋರ್ನಿಯದ ಮೊಡೆಸ್ಟೊ ಎಂಬ ಪಟ್ಟಣದಲ್ಲಿ ಬಿಲ್ಲಿ ಗ್ರಹಾಮರೂ ಅವರ ಸಂಗಡಿಗರಾದ ಮೂವರೂ ಕೂಡಿ, ಹಣದಲ್ಲಿ ಪಾರದರ್ಶಕತೆ, ಪತ್ನಿಯಲ್ಲದ ಸ್ತ್ರೀಯೊಡನೆ ಏಕಾಂತದ ವರ್ಜನೆ, ಸ್ಥಳೀಯ ಸಭೆಗಳ ನಿಂದೆ ಮಾಡದಿರುವುದು, ನೆರೆದ ಜನರ ಸಂಖ್ಯೆಯನ್ನು ಉಬ್ಬಿಸಿ ಹೇಳದಿರುವುದು ಎಂಬ ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರೆಂದು ನಾನು ಬಹಳ ಮುಂದೆ ಓದಿದೆನು. ಪಂಥ ಬೇರೆ, ಖಂಡ ಬೇರೆ. ಆದರೂ ಅವರು ಕಂಡುಕೊಂಡ ದಾರಿ ನಮ್ಮ ಚಾವಡಿಯ ದಾರಿಗೆ ಎಷ್ಟು ಸಮೀಪ! ಏಕಾಂತವರ್ಜನೆಯ ನಿಯಮದ ವಿಷಯದಲ್ಲಿ ನನಗೊಂದು ಮಾತು ಹೇಳಬೇಕೆನಿಸುತ್ತದೆ. ಅದು ಪುರುಷನು ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಸ್ತ್ರೀಯನ್ನು ಅಪಾಯವೆಂದು ಎಣಿಸಿ ದೂರವಿಡುವುದಕ್ಕೂ, ಅವಳ ಮಾತನ್ನು ಕೇಳದಿರುವುದಕ್ಕೂ, ಸಭೆಯ ಹೊಣೆಗಳಿಂದ ಅವಳನ್ನು ಹೊರಗಿಡುವುದಕ್ಕೂ ಅದನ್ನು ನೆವವಾಗಿ ಬಳಸುವವರಿದ್ದಾರೆ. ಅಂಥವರ ಶುದ್ಧಿಯಲ್ಲಿ ನನಗೆ ಗೌರವವಿಲ್ಲ. ತಪ್ಪು ನಡೆದಾಗ ಸಂಸ್ಥೆಯ ಮಾನಕ್ಕಾಗಿ ಅದನ್ನು ಮುಚ್ಚಿಹಾಕಿ, ನೊಂದವರನ್ನೇ ಮೌನಕ್ಕೆ ತಳ್ಳುವುದಂತೂ ಘೋರವಾದ ಪಾಪ. ಜಗತ್ತಿನ ಅನೇಕ ದೇಶಗಳಲ್ಲಿ ನಮ್ಮ ಧರ್ಮಸಭೆ ಈ ಪಾಪದಿಂದ ನಾಚುವಂತಾಯಿತು. 2019ರಲ್ಲಿ ಪೋಪ್ ಫ್ರಾನ್ಸಿಸರು ಇಂಥ ದೂರುಗಳನ್ನು ಗುರುಗಳೂ ಧಾರ್ಮಿಕರೂ ಮೇಲಿನವರಿಗೆ ಕಡ್ಡಾಯವಾಗಿ ತಿಳಿಸಬೇಕೆಂದು ಶಾಸನ ಮಾಡಿದರು. ಅದು ಎಷ್ಟೋ ಮೊದಲೇ ಆಗಬೇಕಾಗಿದ್ದಿತು.

ಕನ್ನಡನಾಡಿನ ಕ್ರೈಸ್ತರಲ್ಲಿ ಪ್ರಾಮಾಣಿಕ ಮುಖಂಡರ ಮಾದರಿಗಳಿಗೆ ಬರವಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿಯ ಔಷಧ ಕೊಡಲಾರಂಭಿಸಿದ ಫಾದರ್ ಮುಲ್ಲರರು ಅದರಿಂದ ಬಂದ ಆದಾಯವನ್ನು ಕುಷ್ಠರೋಗಿಗಳಿಗೂ ಬಡ ರೋಗಿಗಳಿಗೂ ವಿನಿಯೋಗಿಸಿದರು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದಾಗ, ಈ ಪಾದ್ರಿಯ ಕೈಯಲ್ಲಿ ನಮ್ಮ ಕವಿ ಕೆಡುತ್ತಾನೆಂಬ ಭಯ ನಾಡಿಗೆ ಹುಟ್ಟಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅವರಿಗೆ ಕೊಟ್ಟು ಕನ್ನಡಿಗರು ತಮ್ಮ ವಿಶ್ವಾಸವನ್ನು ತೋರಿಸಿದರು. ಅನ್ಯಧರ್ಮದವರ ವಿಶ್ವಾಸವನ್ನು ಗಳಿಸುವುದು ಕ್ರೈಸ್ತ ಮುಖಂಡನಿಗೆ ಇಂದು ಎಂದಿಗಿಂತ ಹೆಚ್ಚು ಅಗತ್ಯವಾಗಿದೆ.

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಗುರ್ಕಾರಿಕೆ ನನ್ನ ಪಾಲಿಗೂ ಬಂದಿತು. ಆ ವೇಳೆಗೆ ಕಾಲ ಬದಲಾಗಿದ್ದಿತು. 1983ರ ಧರ್ಮಸಭೆಯ ಕಾನೂನಿನಂತೆ ಪ್ರತಿ ಇಗರ್ಜಿಗೂ ಹಣಕಾಸಿನ ಸಮಿತಿಯೊಂದು ಕಡ್ಡಾಯವಾಗಿದ್ದಿತು. ವಂತಿಗೆಗೆ ಅಚ್ಚಿನ ರಸೀದಿ ಬಂದಿದ್ದಿತು. 2012ರಲ್ಲಿ ಉಡುಪಿ ಧರ್ಮಪ್ರಾಂತವು ಬೇರೆಯಾದ ಮೇಲೆ ಲೆಕ್ಕಗಳೆಲ್ಲ ಉಡುಪಿಗೆ ಹೋಗುವಂತಾಯಿತು. ಈಗ ನನ್ನ ನಂತರದ ಗುರ್ಕಾರರು ಮಹಿಳೆ. ವಂತಿಗೆ ಮೊಬೈಲಿನಲ್ಲೇ ನೇರವಾಗಿ ಬ್ಯಾಂಕಿಗೆ ಸೇರುತ್ತದೆ. ಆದರೂ ತುರ್ತಿನ ಸಹಾಯಕ್ಕೆಂದು ಕೈಯಲ್ಲಿ ಉಳಿಯುವ ಸ್ವಲ್ಪ ನಗದನ್ನು ಆಕೆ ಎಣಿಸುವಾಗ ಎದುರಿಗೆ ಇನ್ನೊಬ್ಬರಿರುತ್ತಾರೆ.

ವರ್ಷಕ್ಕೊಮ್ಮೆ ಪೂಜೆಯ ಕೊನೆಯಲ್ಲಿ ಇಗರ್ಜಿಯ ಆಯವ್ಯಯವನ್ನು ಓದುತ್ತಾರೆ. ಓದು ಆರಂಭವಾಗುತ್ತಲೇ ಅರ್ಧ ಜನ ಎದ್ದು ಹೊರಗೆ ಹೋಗಿ ಅಂಗಳದಲ್ಲಿ ಮಾತಿಗೆ ನಿಲ್ಲುವುದನ್ನು ನಾನು ಕಾಣುತ್ತಿದ್ದೇನೆ. ಕೆಲವರು ಅದನ್ನು ತಮ್ಮ ಮುಖಂಡರ ಮೇಲಿನ ನಂಬಿಕೆಯೆಂದೇ ಹೇಳಿಕೊಳ್ಳುತ್ತಾರೆ. ಕ್ರೈಸ್ತರಾಗಿರಲಿ, ದೇವಸ್ಥಾನದ ಸಮಿತಿಯವರಾಗಿರಲಿ, ಮಸೀದಿಯ ಜಮಾತಿನವರಾಗಿರಲಿ, ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ಸಲ ಲೆಕ್ಕ ಓದುವಾಗ ದಯವಿಟ್ಟು ಎದ್ದು ಹೋಗಬೇಡಿ. ಕುಳಿತು ಕೊನೆಯ ಸಾಲಿನವರೆಗೆ ಕೇಳಿ, ತಿಳಿಯದಿದ್ದುದನ್ನು ಕೈಯೆತ್ತಿ ವಿಚಾರಿಸಿ.